ಮೂಕಿ ಹಾಸ್ಯಚಿತ್ರಗಳ ಮಕ್ಕಳನ್ನು ನೋಡಿ ನಗಬಹುದೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಶನಿವಾರ ಶಾಲೆ ಬಿಟ್ಟ ಮೇಲೆ ಆಸಕ್ತ ಮಕ್ಕಳನ್ನು ಕೂರಿಸಿಕೊಂಡು ಹಳೆಯ ಮೂಕಿ ಹಾಸ್ಯಚಿತ್ರಗಳನ್ನು ತೋರಿಸುತ್ತೇನೆ. ಭಾಷೆಯ ತೊಡಕಿಲ್ಲದ್ದರಿಂದ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅಮೆರಿಕದ ಹಾಲ್ ರೋಚ್ ಸ್ಟುಡಿಯೋದ ‘ಅವರ್ ಗ್ಯಾಂಗ್’ ಎಂಬ, ತುಂಟ ಮಕ್ಕಳ ಗುಂಪಿನ ಕಿರುಚಿತ್ರ ಸರಣಿ ಎಂದರೆ ಅವರಿಗೆ ಪ್ರಾಣ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರು ಅದನ್ನು ನೋಡಿ, “ಆ ಮಕ್ಕಳನ್ನು ಹೊಡೆದು ಬಡಿದು ನಟನೆ ಮಾಡಿಸುತ್ತಿದ್ದರು, ಮುಂದೆ ಒಬ್ಬರೂ ಉದ್ಧಾರವಾಗಲಿಲ್ಲ. ಆ ಕಪ್ಪು ಹುಡುಗನನ್ನಂತೂ ಗೇಲಿಗೆಂದೇ ಇಟ್ಟುಕೊಂಡಿದ್ದರು. ಇದನ್ನು ಮಕ್ಕಳಿಗೆ ತೋರಿಸುತ್ತೀರಾ?” ಎಂದರು. ಇನ್ನೊಬ್ಬರು, “ಅದರಲ್ಲಿ ನಟನೆ ಎಲ್ಲಿದೆ? ಮಕ್ಕಳು ಆಡುವುದನ್ನು ಹಿಡಿದು ಬೇಗ ಬೇಗ ಓಡಿಸಿದ್ದಾರೆ ಅಷ್ಟೆ” ಎಂದರು. ಅಂದಿನಿಂದ ಮನಸ್ಸು ಗೊಂದಲಕ್ಕೆ ಬಿದ್ದಿದೆ. ತೋರಿಸಲೋ ಬಿಡಲೋ? ತೋರಿಸುವುದಾದರೆ ಏನನ್ನು ನೋಡಲು ಹೇಳಿಕೊಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಆ ಮಕ್ಕಳು ಮಾಡಿದ್ದು ಕಲೆಯೇ ಎಂಬುದು ಒಂದು. ಅದನ್ನು ಅವರಿಂದ ಮಾಡಿಸಿಕೊಂಡ ರೀತಿ ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಖಂಡಿತ ಹೌದು ಎನ್ನುತ್ತೇನೆ. ಎರಡನೆಯದಕ್ಕೆ ಅನೇಕ ಕಡೆ ಅಲ್ಲ ಎನ್ನಬೇಕಾಗುತ್ತದೆ. ರಸಗ್ರಹಣ ಶಿಬಿರಗಳಲ್ಲಿ ಮೂಕಿ ಚಿತ್ರಗಳ ಪಾಠ ಮಾಡುವಾಗ ಒಂದು ಸಂಗತಿಯನ್ನು ಗಮನಿಸುತ್ತ ಬಂದಿದ್ದೇನೆ. ಚಿತ್ರ ಮುಗಿದ ಕೂಡಲೇ ಅರ್ಧ ಜನ “ಎಷ್ಟು ಮುದ್ದಾಗಿದೆ” ಎನ್ನುತ್ತಾರೆ, ಇನ್ನರ್ಧ “ಅಯ್ಯೋ ಪಾಪ” ಎನ್ನುತ್ತಾರೆ. ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು. ಆದರೆ ಎರಡರಲ್ಲೂ ತೆರೆಯ ಮೇಲೆ ಆ ಮಗು ಮಾಡಿದ ಕೆಲಸ ಕಾಣೆಯಾಗುತ್ತದೆ. ಆ ಕೆಲಸವನ್ನು ನೋಡಲು ಕಲಿಸಿದರೆ ನಿಮ್ಮ ಗೊಂದಲದ ಬಹುಪಾಲು ತಾನಾಗಿಯೇ ತಿಳಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ವೇಗದ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಅಂದಿನ ಕ್ಯಾಮೆರಾದ ಹಿಡಿಯನ್ನು ಛಾಯಾಗ್ರಾಹಕರು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಹೀಗೆ ಕೈಯ ಲಯಕ್ಕೆ ತಕ್ಕಂತೆ ಚೌಕಟ್ಟುಗಳು (ಫ್ರೇಮುಗಳು) ದಾಖಲಾಗುತ್ತಿದ್ದವು. ಮಾತಿನ ಚಿತ್ರ ಬಂದ ಮೇಲೆ ಧ್ವನಿಗಾಗಿ 24 ಎಂದು ನಿಗದಿಯಾಯಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಸಾವಿರ ಅಡಿಯ ಒಂದು ರೀಲು 16ರ ಲೆಕ್ಕದಲ್ಲಿ ಹದಿನಾರೂವರೆ ನಿಮಿಷಕ್ಕೂ ಹೆಚ್ಚು ಓಡುತ್ತದೆ, 24ರಲ್ಲಿ ಹನ್ನೊಂದೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಟಿವಿಗಾಗಿ ಮಾಡಿದ ಹಳೆಯ ಪ್ರತಿಗಳಲ್ಲಿ ಎಲ್ಲರೂ ಕುಪ್ಪಳಿಸಿದಂತೆ ಕಾಣುವುದು ಬಹುಮಟ್ಟಿಗೆ ಇದರಿಂದ. ಅಟ್ಟಿಸಿಕೊಂಡು ಓಡುವ ದೃಶ್ಯಗಳಲ್ಲಿ ಬೇಕೆಂದೇ ಹಿಡಿಯನ್ನು ನಿಧಾನ ತಿರುಗಿಸಿ ವೇಗ ಹೆಚ್ಚಿಸುತ್ತಿದ್ದದ್ದೂ ನಿಜ, ಅದು ಹಾಸ್ಯದ ತಂತ್ರವೇ ಆಗಿತ್ತು. ಆದ್ದರಿಂದ ಓಟದ ದೃಶ್ಯ ನೋಡಿ ತೀರ್ಮಾನಿಸಬೇಡಿ. ಯಾರಾದರೂ ಸುಮ್ಮನೆ ನಡೆಯುವ, ಕುರ್ಚಿಯಲ್ಲಿ ಕೂರುವ ದೃಶ್ಯ ನೋಡಿ. ಅದೂ ಗಡಿಬಿಡಿಯಾಗಿ ಕಂಡರೆ ನಿಮ್ಮ ಕಂಪ್ಯೂಟರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಧ್ವನಿ ನಿಲ್ಲಿಸಿ ನೋಡಿ. ಮಕ್ಕಳ ಮುಖದಲ್ಲಿ ಅದುವರೆಗೆ ಕಾಣದ ಎಷ್ಟೋ ಸಂಗತಿಗಳು ಕಾಣತೊಡಗುತ್ತವೆ.

ಇನ್ನು “ಸುಮ್ಮನೆ ಆಡಿದರು” ಎಂಬ ಮಾತು. ಇದು ಚಿತ್ರ ಮಾಡಿದವರೇ ಹರಡಿದ ಕಲ್ಪನೆ. ನಿರ್ಮಾಪಕ ಹಾಲ್ ರೋಚ್ ಹೇಳಿಕೊಳ್ಳುತ್ತಿದ್ದ ಕಥೆ ಹೀಗಿದೆ: ಒಬ್ಬ ಹುಡುಗಿ ತಮ್ಮೆದುರು ಬಾಯಿಪಾಠದ ನಟನೆ ಮಾಡಿ ಹೋದ ಮೇಲೆ ಅವರು ಕಿಟಕಿಯಿಂದ ಹೊರಗೆ ನೋಡಿದಾಗ, ಮರದ ಅಡ್ಡೆಯಲ್ಲಿ ಕೆಲವು ಮಕ್ಕಳು ಕೋಲಿನ ತುಂಡುಗಳಿಗಾಗಿ ಜಗಳವಾಡುತ್ತಿದ್ದರು, ಅದನ್ನು ನೋಡುತ್ತ ನಿಂತವರಿಗೆ ಸರಣಿಯ ಯೋಚನೆ ಹೊಳೆಯಿತು. ಸರಣಿ 1922ರಲ್ಲಿ ಆರಂಭವಾಯಿತು. ನಿರ್ದೇಶಕ ರಾಬರ್ಟ್ ಮೆಕ್‌ಗೋವನ್ ಹಿಂದೆ ಡೆನ್ವರ್‌ನ ಅಗ್ನಿಶಾಮಕ ದಳದಲ್ಲಿದ್ದವರು. ಅವರು ಮಕ್ಕಳ ಕೈಗೆ ಬರೆದ ಪಾಠ ಕೊಡುತ್ತಿರಲಿಲ್ಲ. ದೃಶ್ಯವನ್ನು ಕಥೆಯಂತೆ ಹೇಳಿ, ಕ್ಯಾಮೆರಾ ತಿರುಗುತ್ತಿರುವಾಗಲೇ “ಈಗ ಅತ್ತ ನೋಡು, ಈಗ ಹೆದರು” ಎಂದು ಕೂಗಿ ಹೇಳುತ್ತಿದ್ದರು. ಧ್ವನಿ ದಾಖಲಾಗದ ಕಾಲ, ಕೂಗಬಹುದಿತ್ತು.

ಹಾಗಾದರೆ ನಟನೆ ಮೆಕ್‌ಗೋವನ್‌ದೋ ಮಗುವಿನದೋ? ಅಲ್ಲೇ ಇರುವುದು ಸೂಕ್ಷ್ಮ. ಐದಾರು ವರ್ಷದ ಮಗು ಒಬ್ಬ ದೊಡ್ಡವನ ಕೂಗನ್ನು ಕೇಳಿಸಿಕೊಳ್ಳುತ್ತಿದೆ, ಆದರೆ ಕಣ್ಣು ಅವನತ್ತ ಹೋಗಬಾರದು. ಪಕ್ಕದಲ್ಲಿ ನಾಯಿ, ಕೋಳಿ, ಇನ್ನೂ ಐದು ಮಕ್ಕಳು ಇದ್ದಾರೆ. ಹೇಳಿದ್ದು ಕಿವಿಗೆ ಬಿದ್ದ ಕೂಡಲೇ ಮಾಡಿದರೆ ಅದು ಕವಾಯತು. ತನಗೇ ಈಗ ಹೊಳೆಯಿತು ಎಂಬಂತೆ ಒಂದು ಕ್ಷಣ ತಡೆದು ಮಾಡಬೇಕು. ಆ ತಡೆಯುವ ಕ್ಷಣವನ್ನು ಯಾರೂ ಕೂಗಿ ಹೇಳಿಕೊಡಲಾಗದು. ಮಾತು ಬಂದ ಮೇಲೆ ಈ ವ್ಯವಸ್ಥೆಯೇ ಮುರಿಯಿತು. 1929ರಲ್ಲಿ ಸರಣಿಯ ಮೊದಲ ಮಾತಿನ ಚಿತ್ರ ತೆಗೆಯುವಾಗ ಮೆಕ್‌ಗೋವನ್ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು, ಮಕ್ಕಳು ಸಂಭಾಷಣೆ ಕಲಿಯಬೇಕಾಯಿತು. ಆ ಹೊತ್ತಿನ ಚಿತ್ರಗಳಲ್ಲಿ ಮಕ್ಕಳು ಬಿಗಿಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಇದು ಕಿರುಚಿತ್ರದ್ದಲ್ಲ, ಚಾಪ್ಲಿನ್ನರ ಆರು ರೀಲಿನ ‘ದಿ ಕಿಡ್’ (1921). ಮಗುವಿನ ಪಾತ್ರ ಮಾಡಿದ ಜಾಕಿ ಕೂಗನ್ ಇದಕ್ಕೆ ಮೊದಲು ಚಾಪ್ಲಿನ್ನರದೇ ಎರಡು ರೀಲಿನ ‘ಎ ಡೇಸ್ ಪ್ಲೆಷರ್’ನಲ್ಲಿ (1919) ಸಣ್ಣದಾಗಿ ಕಾಣಿಸಿಕೊಂಡಿದ್ದ ಹುಡುಗ. ಚಾಪ್ಲಿನ್ ನಟಿಸಿದ ಸಾಕುತಂದೆಗೆ ಗಾಜು ಕೂರಿಸುವ ಕೆಲಸ. ಕೆಲಸ ಹುಟ್ಟಿಸಲು ಮಗ ಮುಂದೆ ಹೋಗಿ ಕಿಟಕಿಗಳಿಗೆ ಕಲ್ಲು ಹೊಡೆಯುತ್ತಾನೆ. ಒಂದು ಮನೆಯ ಮುಂದೆ ಕಲ್ಲು ಹಿಡಿದು ಕೈಯನ್ನು ಹಿಂದಕ್ಕೆ ಬೀಸುತ್ತಾನೆ. ಕೈ ಯಾವುದಕ್ಕೋ ತಾಗುತ್ತದೆ. ಹಿಂದೆ ಪೊಲೀಸು ಬಂದು ನಿಂತಿದ್ದಾನೆ. ಹುಡುಗ ಮೊದಲು ಕೈಯಿಂದ ಮುಟ್ಟಿ ತಿಳಿಯುತ್ತಾನೆ, ಆಮೇಲೆ ತಲೆಯೆತ್ತಿ ನೋಡುತ್ತಾನೆ. ನೋಡಿದ ಮೇಲೆ ಓಡುವುದಿಲ್ಲ. ಅದೇ ಕಲ್ಲನ್ನು ಮೇಲಕ್ಕೆ ಹಾರಿಸಿ ಹಿಡಿಯುತ್ತ, ಇದನ್ನು ತಂದಿದ್ದೇ ಆಡುವುದಕ್ಕೆ ಎಂಬಂತೆ ನಿಲ್ಲುತ್ತಾನೆ. ಆಮೇಲೆ ಕಲ್ಲು ಬಿಸಾಡಿ ಕಾಲಿಗೆ ಬುದ್ಧಿ ಹೇಳುತ್ತಾನೆ. ಮುಟ್ಟಿ ತಿಳಿಯುವುದು, ನೋಡಿ ಖಚಿತಪಡಿಸಿಕೊಳ್ಳುವುದು, ಮುಗ್ಧನಂತೆ ನಟಿಸುವುದು, ಓಡುವುದು. ಈ ನಾಲ್ಕು ಹಂತಗಳಲ್ಲಿ ಒಂದೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಮುಗ್ಧನಾಗಿ ನಟಿಸುತ್ತಿರುವ ಹುಡುಗನಾಗಿ ನಟಿಸಿದ್ದಾನೆ ಈ ಪುಟ್ಟ ಹುಡುಗ! ಇದನ್ನು “ಆಡುತ್ತಿದ್ದ” ಎಂದು ಹೇಗೆ ಒಪ್ಪುವುದು?

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. ದಾದಾಸಾಹೇಬ್ ಫಾಲ್ಕೆಯವರ ‘ಕಾಲಿಯಾ ಮರ್ದನ್’ನಲ್ಲಿ (1919) ತುಂಟ ಕೃಷ್ಣನಾಗಿ ನಟಿಸಿದ್ದು ಅವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಆರಂಭದಲ್ಲಿ ಕಥೆ ಶುರುವಾಗುವ ಮೊದಲೇ ಫಾಲ್ಕೆ ಅವಳ ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ. ಒಂದಾದ ಮೇಲೆ ಒಂದು ಭಾವ ಆ ಮುಖದಲ್ಲಿ ಬಂದು ಹೋಗುತ್ತದೆ. ಇದು ಆಟವಲ್ಲ, ಈ ಹುಡುಗಿ ನಟಿ ಎಂದು ಪ್ರೇಕ್ಷಕರಿಗೆ ನೇರವಾಗಿ ಹೇಳಿದ ಹಾಗೆ. ಆ ಕೆಲವು ನಿಮಿಷಗಳನ್ನು ನಿಮ್ಮ ಮಕ್ಕಳಿಗೆ ತಪ್ಪದೆ ತೋರಿಸಿ.

ಮಕ್ಕಳನ್ನೇ ಹಾಸ್ಯಚಿತ್ರಗಳು ಅಷ್ಟೊಂದು ಬಳಸಿಕೊಂಡದ್ದು ಯಾಕೆ? ಅಮೆರಿಕದ ಚಿತ್ರಮಂದಿರಗಳಿಗೆ ದೊಡ್ಡ ಚಿತ್ರದ ಜೊತೆಗೆ ಹಾಕಲು ಒಂದೆರಡು ರೀಲಿನ ಹೊಸ ಹೊಸ ನಗೆಚಿತ್ರ ಸದಾ ಬೇಕಿತ್ತು. ತುಂಟ ಹುಡುಗರ ಚೇಷ್ಟೆ ಪತ್ರಿಕೆಗಳ ವ್ಯಂಗ್ಯಚಿತ್ರಪಟ್ಟಿಗಳಿಂದ ಮೊದಲೇ ಜನಪ್ರಿಯವಾಗಿತ್ತು, ಮಾತಿಲ್ಲದೆಯೂ ಅರ್ಥವಾಗುತ್ತಿತ್ತು. ಫ್ರಾನ್ಸ್ ಇದರಲ್ಲಿ ಅಮೆರಿಕಕ್ಕಿಂತ ಮುಂದಿತ್ತು. ಗೋಮೊಂ ಕಂಪನಿಗಾಗಿ ಲೂಯಿ ಫೊಯಾಡ್ 1910ರಿಂದಲೇ ‘ಬೆಬೆ’ ಸರಣಿ ತೆಗೆದರು. ಬೆಬೆಯಾಗಿದ್ದವನು 1905ರಲ್ಲಿ ಹುಟ್ಟಿದ ಕ್ಲೆಮಾನ್ ಮರಿ. ಅವನ ಬೆನ್ನಿಗೇ ಅವನಿಗಿಂತ ಚಿಕ್ಕವನಾದ ರೆನೆ ಪೊಯೆನ್ ‘ಬೂ-ದ-ಝಾನ್’ ಎಂಬ ಹೆಸರಿನಲ್ಲಿ ಬಂದು ಜನರ ಮನಗೆದ್ದ. ಒಂದು ಮಗು ಬೆಳೆದರೆ ಇನ್ನೊಂದು. ಉದ್ಯಮದ ಈ ಲೆಕ್ಕಾಚಾರದಿಂದಲೇ ಮುಂದಿನ ಅನ್ಯಾಯಗಳೂ ಹುಟ್ಟಿದವು.

ನಿಮ್ಮ ಮೊದಲ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಅವರ ಆತಂಕ ಪೊಳ್ಳಲ್ಲ. ಬೇಬಿ ಪೆಗ್ಗಿ ಎಂದು ಹೆಸರಾದ ಪೆಗ್ಗಿ ಜೀನ್ ಮಾಂಟ್ಗೊಮೆರಿ ಎರಡು ವರ್ಷ ತುಂಬುವ ಹೊತ್ತಿಗೇ ಸೆಂಚುರಿ ಕಂಪನಿಯ ಕಿರುಚಿತ್ರಗಳಿಗೆ ಬಂದವಳು. ತಂದೆ ಕುದುರೆ ಸವಾರಿಯ ಸಾಹಸ ಕಲಾವಿದ. ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವಂತೆ ಮಗಳನ್ನು ಬೆಳೆಸಿದ್ದ, ಆ ವಿಧೇಯತೆಯನ್ನೇ ಸ್ಟುಡಿಯೋ ದುಡಿಸಿಕೊಂಡಿತು. ಬೆಳೆದು ಡಯಾನಾ ಸೆರಾ ಕ್ಯಾರಿ ಎಂಬ ಹೆಸರಿನಲ್ಲಿ ಲೇಖಕಿಯಾದ ಆಕೆ ಹೇಳಿದ ಪ್ರಕಾರ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಸಮುದ್ರದಲ್ಲಿ ಪ್ರಜ್ಞೆ ತಪ್ಪುವವರೆಗೆ ನೀರಿನಲ್ಲಿ ಮುಳುಗಿಸಿ ಹಿಡಿದದ್ದಿದೆ, ಉರಿಯುತ್ತಿದ್ದ ಕೋಣೆಯಿಂದ ಒಬ್ಬಳೇ ಹೊರಬರಬೇಕಾದದ್ದಿದೆ. ಇದನ್ನು ಓದಿದ ಮೇಲೆ ಆ ಚಿತ್ರಗಳು ಮೊದಲಿನಂತೆ ಕಾಣುವುದಿಲ್ಲ, ಕಾಣಲೂಬಾರದು.

ಹಾಗೆಂದು ಎಲ್ಲರನ್ನೂ ಹೊಡೆದೇ ಮಾಡಿಸಿದರು ಎಂಬುದೂ ಸತ್ಯವಲ್ಲ. ‘ದಿ ಕಿಡ್’ನ ಅಳುವ ದೃಶ್ಯದ ಬಗ್ಗೆ ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹುಡುಗನಿಗೆ ಅಳು ಬರಲಿಲ್ಲವಂತೆ. ಅಳದಿದ್ದರೆ ನಿಜವಾಗಿಯೂ ನಿರ್ಗತಿಕರ ದುಡಿಮೆಯ ಆಶ್ರಮಕ್ಕೆ ಕಳಿಸುತ್ತಾರೆ ಎಂದು ತಂದೆ ಹೆದರಿಸಿ ಅಳಿಸಿದನಂತೆ. ಚಿತ್ರೀಕರಣ ಮುಗಿದ ಮೇಲೆ ಚಾಪ್ಲಿನ್ ಸಮಾಧಾನ ಮಾಡಲು ಹೋದಾಗ, ಅಪ್ಪ ತಮಾಷೆಗೆ ಹೇಳಿದ್ದೆಂದು ನನಗೆ ಗೊತ್ತಿತ್ತು ಎಂದು ಜಾಕಿ ಪಿಸುಗುಟ್ಟಿದನಂತೆ. ಈ ಪ್ರಸಂಗವನ್ನು ಜಾಣತನದ ಕಥೆಯೆಂದು ಹೇಳುವುದು ವಾಡಿಕೆ. ಮಗುವನ್ನು ಹಾಗೆ ಹೆದರಿಸಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಸುತ್ತ ನಡೆಯುತ್ತಿರುವುದು ಏನೆಂದು ಆ ಮಗುವಿಗೆ ಅರಿವಿತ್ತು ಎಂಬುದನ್ನೂ ಮರೆಯಬಾರದು. ರೋಚ್ ಸ್ಟುಡಿಯೋದಲ್ಲಿ ಮಕ್ಕಳಿಗೆ ಪಾಠ ಹೇಳಲು ಫರ್ನ್ ಕಾರ್ಟರ್ ಎಂಬ ಶಿಕ್ಷಕಿ ಇದ್ದರು. ಎಲ್ಲ ಕಡೆ ಒಂದೇ ಪರಿಸ್ಥಿತಿ ಇರಲಿಲ್ಲ.

ದುಡ್ಡಿನ ವಿಷಯ ಮಾತ್ರ ಬಹುತೇಕ ಎಲ್ಲೆಡೆ ಕರಾಳ. ಅಂದಿನ ಕ್ಯಾಲಿಫೋರ್ನಿಯಾ ಕಾನೂನಿನಂತೆ ಅಪ್ರಾಪ್ತ ಮಗುವಿನ ದುಡಿಮೆ ತಂದೆತಾಯಿಗೇ ಸೇರಬೇಕು. ಜಾಕಿ ಕೂಗನ್ ದುಡಿದದ್ದು 30ರಿಂದ 40 ಲಕ್ಷ ಡಾಲರ್ ಎಂದು ಅಂದಾಜು. ದೊಡ್ಡವನಾದ ಮೇಲೆ ಕೇಳಿದರೆ ಏನೂ ಉಳಿದಿರಲಿಲ್ಲ. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿ ಕೊನೆಗೆ ಪಡೆದದ್ದು ಸುಮಾರು 1,26,000 ಡಾಲರ್. ಈ ಪ್ರಕರಣದಿಂದಾಗಿಯೇ 1939ರಲ್ಲಿ ಅಲ್ಲಿ ಬಾಲ ಕಲಾವಿದರ ಗಳಿಕೆಯ ಒಂದು ಪಾಲನ್ನು ಕಾಯ್ದಿಡುವ ಕಾನೂನು ಬಂತು, ಇಂದಿಗೂ ಅದನ್ನು ಕೂಗನ್ ಕಾನೂನು ಎಂದೇ ಕರೆಯುತ್ತಾರೆ. ನಿಮ್ಮ ಮಕ್ಕಳು ದೊಡ್ಡವರಾದರೆ ಇದನ್ನು ಹೇಳಿ. ಜೊತೆಗೆ ನಮ್ಮಲ್ಲಿ ಏನಿದೆ ಎಂಬುದನ್ನೂ ಹೇಳಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 2017ರಲ್ಲಿ ಬಂದ ನಿಯಮಗಳಂತೆ ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಗಳಿಕೆಯ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ರಿಯಾಲಿಟಿ ಷೋಗಳನ್ನು ದಿನವೂ ನೋಡುವ ಮಕ್ಕಳಿಗೆ ಇದು ದೂರದ ಕಥೆಯೇನಲ್ಲ.

“ಒಬ್ಬರೂ ಉದ್ಧಾರವಾಗಲಿಲ್ಲ” ಎಂಬುದು ಪತ್ರಿಕೆಗಳಿಗೆ ಪ್ರಿಯವಾದ ದಂತಕಥೆ. ದುರಂತಗಳು ಇದ್ದವು, ಅಲ್ಲಗಳೆಯುವುದಿಲ್ಲ. ಆದರೆ ಡಯಾನಾ ಸೆರಾ ಕ್ಯಾರಿ ಹಾಲಿವುಡ್‌ನ ಮಕ್ಕಳ ಇತಿಹಾಸವನ್ನೇ ಬರೆದು, ಬಾಲ ಕಲಾವಿದರ ಹಕ್ಕುಗಳ ಪರ ನಿಂತು, 2020ರಲ್ಲಿ ತೀರಿಕೊಂಡಾಗ ಆಕೆಗೆ 101 ವರ್ಷ. ಗ್ಯಾಂಗಿನ ಜೀನ್ ಡಾರ್ಲಿಂಗ್ 1945ರಲ್ಲಿ ಬ್ರಾಡ್‌ವೇ ರಂಗಭೂಮಿಯ ಪ್ರಸಿದ್ಧ ಸಂಗೀತ ನಾಟಕವೊಂದರಲ್ಲಿ ಹಾಡಿ, ಮುಂದೆ ಐರ್ಲೆಂಡಿನಲ್ಲಿ ನೆಲೆಸಿ ಕಥೆಗಳನ್ನು ಬರೆದರು. ಬೆಬೆಯಾಗಿದ್ದ ಹುಡುಗ ರೆನೆ ದಾರಿ ಎಂಬ ಹೆಸರಿನಲ್ಲಿ ಫ್ರೆಂಚ್ ಚಿತ್ರರಂಗದ ದೊಡ್ಡವರ ಪಾತ್ರಗಳಿಗೂ ಬೆಳೆದ. ಇವರನ್ನೆಲ್ಲ “ಹಾಳಾದ ಮಕ್ಕಳು” ಎಂಬ ಒಂದೇ ಗಂಟಿಗೆ ಕಟ್ಟುವುದು ಇನ್ನೊಂದು ಬಗೆಯ ಅನ್ಯಾಯ.

ಕಪ್ಪು ಹುಡುಗನ ಪ್ರಶ್ನೆ ಎಲ್ಲಕ್ಕಿಂತ ಭಾರವಾದದ್ದು, ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ. ಗ್ಯಾಂಗಿನ ಮೊದಲ ಚಿತ್ರಗಳಲ್ಲಿ ಇಬ್ಬರು ಆಫ್ರಿಕನ್ ಅಮೆರಿಕನ್ ಮಕ್ಕಳಿದ್ದಾರೆ. ದೊಡ್ಡವನು ಅರ್ನಿ ಮಾರಿಸನ್, ‘ಸನ್‌ಶೈನ್ ಸ್ಯಾಮಿ’. ಸರಣಿ ಶುರುವಾಗುವ ಹೊತ್ತಿಗೆ ಅವನು ರೋಚ್ ಸ್ಟುಡಿಯೋದ ಅನುಭವಿ ನಟ. ಚಿಕ್ಕವನು ಅಲೆನ್ ಹಾಸ್ಕಿನ್ಸ್, ‘ಫರೀನಾ’. 1922ರಿಂದ 1931ರವರೆಗೆ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ, ಸರಣಿಯ ಮೂಕಿ ಯುಗದ ಅತಿ ಜನಪ್ರಿಯ ಮಗು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಶಾಲೆಯಲ್ಲಿ ಕೂರುವಂತಿರದ ಕಾಲದಲ್ಲಿ ಈ ಮಕ್ಕಳು ತೆರೆಯ ಮೇಲೆ ಒಟ್ಟಿಗೆ ಆಡಿದರು, ಜಗಳವಾಡಿದರು, ಒಟ್ಟಿಗೆ ಒದೆ ತಿಂದರು. ಅದು ಸಣ್ಣ ಸಂಗತಿಯಲ್ಲ. ಅದೇ ಚಿತ್ರಗಳಲ್ಲಿ ಫರೀನಾನ ಜಡೆಗಳು, ಹರಕು ಬಟ್ಟೆ, ಹೆದರಿದಾಗ ನಿಮಿರುವ ಕೂದಲು, ಮಾತನ್ನು ಬರೆದು ತೋರಿಸುವ ಅಕ್ಷರ ಫಲಕಗಳಲ್ಲಿ ಅವನ ಮಾತನ್ನು ಬೇಕೆಂದೇ ತಪ್ಪಾಗಿ ಬರೆದಿರುವುದು, ಇವೆಲ್ಲ ಬಿಳಿಯರ ರಂಗಭೂಮಿ ಕರಿಯರನ್ನು ಹೀಯಾಳಿಸಲು ಕಟ್ಟಿಕೊಂಡಿದ್ದ ಅಚ್ಚಿನಿಂದಲೇ ಬಂದವು. ಎರಡೂ ನಿಜ.

ಆ ಅಚ್ಚನ್ನು ಮಾಡಿದವನು ಫರೀನಾ ಅಲ್ಲ. ಅದರೊಳಗೆ ನಿಂತು ಅವನು ಮಾಡಿದ್ದನ್ನು ನೋಡಿ: ದೊಡ್ಡ ಮಕ್ಕಳೆಲ್ಲ ಗಲಾಟೆ ಮಾಡುತ್ತಿದ್ದರೆ ಈ ಪುಟ್ಟ ಹುಡುಗ ಗಂಭೀರವಾಗಿ ತನ್ನದೇ ಲೆಕ್ಕಾಚಾರದಲ್ಲಿರುತ್ತಾನೆ, ಪ್ರೇಕ್ಷಕರ ಕಣ್ಣು ತಾನಾಗಿ ಅವನತ್ತ ಹೋಗುತ್ತದೆ. ಮುಂದೆ ಆತ ಕ್ಯಾಲಿಫೋರ್ನಿಯಾದಲ್ಲಿ ಅಂಗವಿಕಲರ ಪುನರ್ವಸತಿಯ ಕೆಲಸ ಮಾಡಿದ. ಕಪ್ಪು ಚಿತ್ರಕರ್ಮಿಗಳ ಗೌರವ ಪಟ್ಟಿಗೆ 1975ರಲ್ಲಿ ಹಾಸ್ಕಿನ್ಸ್, 1987ರಲ್ಲಿ ಮಾರಿಸನ್ ಹೆಸರು ಸೇರಿತು. ಅವರ ಸಮುದಾಯವೇ ಅವರನ್ನು ಕಲಾವಿದರೆಂದು ಗುರುತಿಸಿತು.

ಹಾಗಾದರೆ ಏನು ಮಾಡಬಹುದು? ಇಂಥ ಚಿತ್ರಗಳನ್ನು ಪೂರ್ತಿ ಬಿಟ್ಟುಬಿಡಬಹುದು. ಯಾರಿಗೂ ನೋವಾಗದು. ಆದರೆ ಮಾರಿಸನ್ ಮತ್ತು ಹಾಸ್ಕಿನ್ಸ್ ಇಬ್ಬರನ್ನೂ ತೆರೆಯಿಂದ ಇಳಿಸಿ ಬಿಳಿಯ ಮಕ್ಕಳನ್ನಷ್ಟೇ ಉಳಿಸಿಕೊಂಡ ಹಾಗಾಗುತ್ತದೆ. ನೋಯಿಸುವ ಭಾಗಗಳನ್ನು ಕತ್ತರಿಸಿದ ಪ್ರತಿ ತೋರಿಸಬಹುದು, ಟಿವಿ ಕಾಲದಲ್ಲಿ ಹಾಗೆ ಮಾಡಿದ್ದೂ ಇದೆ. ಆಗ ಕಥೆ ತುಂಡಾಗುತ್ತದೆ, ಅಂದು ಹಾಗಿತ್ತು ಎಂಬ ಸತ್ಯವೂ ಮರೆಯಾಗುತ್ತದೆ. ಏನೂ ಹೇಳದೆ ಇದ್ದಕ್ಕಿದ್ದಂತೆ ತೋರಿಸುವುದು ಮೂರರಲ್ಲಿ ಕೆಟ್ಟದ್ದು. ಮೈಬಣ್ಣದ ಹಂಗಿಸುವಿಕೆ ನಮ್ಮ ತರಗತಿಗಳಲ್ಲಿಯೂ ಇದೆ. ತೆರೆಯ ಮೇಲಿನ ಗೇಲಿ ಮರುದಿನ ಯಾವುದೋ ಮಗುವಿನ ಅಡ್ಡಹೆಸರಾಗಬಹುದು. ಮಕ್ಕಳಿಗೆ ಹತ್ತು ವರ್ಷ ದಾಟಿದ್ದರೆ, ನೀವು ಮೊದಲೇ ಒಬ್ಬರೇ ಕೂತು ಪೂರ್ತಿ ನೋಡಿ ಆರಿಸಿ, ಆರಂಭದಲ್ಲಿ ಮೂರು ನಾಲ್ಕು ವಾಕ್ಯ ಹೇಳಿ ತೋರಿಸಿ ಎನ್ನುತ್ತೇನೆ. ಹುಡುಗನ ನಿಜವಾದ ಹೆಸರು ಹೇಳಿ, ಅವನು ನಟ ಎಂದು ಹೇಳಿ, ಅವನ ವೇಷವನ್ನು ಹಾಗೆ ಮಾಡಿದವರು ಯಾರು ಎಂದು ಹೇಳಿ. ಅದಕ್ಕಿಂತ ಚಿಕ್ಕ ಮಕ್ಕಳಾದರೆ ಬೇರೆ ಚಿತ್ರಗಳು ಬೇಕಾದಷ್ಟಿವೆ. ಒಂದು ಎಚ್ಚರ: ತೋರಿಸಿದ ಮೇಲೆ ದೀರ್ಘ ಭಾಷಣ ಬೇಡ. ನಕ್ಕಿದ್ದಕ್ಕೆ ನಾಚಿಕೆಪಡಬೇಕು ಎಂದು ಮಕ್ಕಳಿಗೆ ಅನ್ನಿಸಿದರೆ ಮುಂದಿನ ಶನಿವಾರ ಅವರು ಬರುವುದಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಚಿಂತೆ ಬೇಡ. ನಮ್ಮಲ್ಲಿ ಚಲನಚಿತ್ರಗಳಿಗೆ ಬಿಡುಗಡೆಯಾದ ನಂತರ 60 ವರ್ಷಗಳ ರಕ್ಷಣೆ, 1920ರ ದಶಕದವು ಎಂದೋ ಮುಕ್ತವಾಗಿವೆ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕು ಇರಬಹುದು, ಅದನ್ನು ನಿಲ್ಲಿಸಿ ಶಾಲೆಯಲ್ಲಿ ತಬಲಾ, ಹಾರ್ಮೋನಿಯಂ ಬಲ್ಲವರಿದ್ದರೆ ಅವರನ್ನೇ ಕೂರಿಸಿ. ಅಕ್ಷರ ಫಲಕಗಳನ್ನು ಒಬ್ಬ ವಿದ್ಯಾರ್ಥಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಲಿ. ನಮ್ಮ ಟೆಂಟುಗಳಲ್ಲಿ ತೆರೆಯ ಪಕ್ಕ ನಿಂತು ಕಥೆ ವಿವರಿಸುವವರು ಇರುತ್ತಿದ್ದರು. ಜಪಾನಿನಲ್ಲಿ ಅವರಿಗೆ ಬೆನ್ಶಿ ಎಂಬ ಹೆಸರೇ ಇತ್ತು.

ಮುಂದಿನ ಶನಿವಾರಕ್ಕೆ ಹೀಗೆ ಶುರುಮಾಡಿ. ಮೊದಲು ಲೂಮಿಯೇರ್ ಸಹೋದರರ 1895ರ ತೋಟಗಾರನ ಚಿತ್ರ. ಒಂದು ನಿಮಿಷವೂ ಇಲ್ಲ. ಹುಡುಗ ನೀರಿನ ಕೊಳವೆಯನ್ನು ತುಳಿಯುತ್ತಾನೆ, ನೀರು ನಿಲ್ಲುತ್ತದೆ, ತೋಟಗಾರ ಕೊಳವೆಯ ಬಾಯನ್ನು ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ಸಿನಿಮಾದ ಮೊಟ್ಟಮೊದಲ ನಗೆಯಲ್ಲೇ ಒಬ್ಬ ಹುಡುಗನಿದ್ದಾನೆ. ತೋಟಗಾರ ಅವನನ್ನು ಹಿಡಿದು ಕ್ಯಾಮೆರಾದ ಎದುರಿಗೇ ಎಳೆತಂದು ಬಾರಿಸುವುದನ್ನು ಗಮನಿಸಲು ಹೇಳಿ, ಆ ಎಳೆತಂದದ್ದು ಯಾಕೆ ಎಂದು ಮಕ್ಕಳನ್ನೇ ಕೇಳಿ. ಆಮೇಲೆ ಜಪಾನಿನ ನಿರ್ದೇಶಕ ಯಸುಜಿರೋ ಒಜು ಅವರ ‘ತೊಕ್ಕನ್ ಕೊಝೊ’ (1929). ಅಪಹರಿಸಿದವರನ್ನೇ ಗೋಳು ಹೊಯ್ದುಕೊಳ್ಳುವ ಹುಡುಗನ ಕಥೆ, ನಟಿಸಿದವನು ತೊಮಿಯೊ ಅಯೊಕಿ. ಮುಂದೆ ಈ ಚಿತ್ರದ ಹೆಸರೇ ಅವನ ಹೆಸರಾಯಿತು. ಪೂರ್ತಿ ಚಿತ್ರ ಉಳಿದಿಲ್ಲ, ಸುಮಾರು 14 ನಿಮಿಷದ ಪ್ರತಿ ಸಿಗುತ್ತದೆ. ಕೊನೆಗೆ ಗ್ಯಾಂಗಿನ ಎರಡು ರೀಲಿನ ಒಂದು ಚಿತ್ರ, ಸ್ಯಾಮಿ ಇರುವ 1923 ಅಥವಾ 1924ರದ್ದಾದರೆ ಒಳ್ಳೆಯದು. ಅದರಲ್ಲಿ ಇಷ್ಟವಾದ ಒಂದು ನಿಮಿಷವನ್ನು ಮತ್ತೆ ಹಾಕಿ, ಈ ಬಾರಿ ಒಂದೇ ಮಗುವಿನ ಮೇಲೆ ಕಣ್ಣಿಡಲು ಹೇಳಿ. ಒಬ್ಬೊಬ್ಬರು ಒಂದೊಂದು ಮಗುವನ್ನು ಆರಿಸಿಕೊಳ್ಳಲಿ. ಎಲ್ಲ ಸೇರಿ ಮುಕ್ಕಾಲು ಗಂಟೆ ಸಾಕು.